ಚಿಗರಿಯನ್ನು ಕಾಡಿಗೆ ಬಿಟ್ಟರೆ ಹೊಲದ ತಂಟೆ ಮುಗಿಯುತ್ತದೆಯೇ?

2025ರ ಕೊನೆಯ ತಿಂಗಳುಗಳಲ್ಲಿ ಬಂದ ಎರಡು ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಧ್ಯಪ್ರದೇಶದ ಶಾಜಾಪುರ ಜಿಲ್ಲೆಯಲ್ಲಿ ಹೆಲಿಕಾಪ್ಟರ್ ಹಾರಿಸಿ, ಹೊಲಗಳಲ್ಲಿದ್ದ 800ಕ್ಕೂ ಹೆಚ್ಚು ಕೃಷ್ಣಮೃಗಗಳನ್ನು (ನಮ್ಮ ಕಡೆ ಚಿಗರಿ ಎನ್ನುವುದು ಇದನ್ನೇ) ಆವರಣದೊಳಗೆ ಅಟ್ಟಿ, ಲಾರಿಗೆ ಹತ್ತಿಸಿ ಬೇರೆಡೆಗೆ ಸಾಗಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ನವೆಂಬರ್‌ನಲ್ಲಿ, ಬೆಳಗಾವಿ ಬಳಿಯ ಭೂತರಾಮನಹಟ್ಟಿ ಕಿರು ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಸುಮಾರು 30 ಕೃಷ್ಣಮೃಗಗಳು ಗಳಲೆ ರೋಗಕ್ಕೆ ಬಲಿಯಾದವು. ಒಂದು ಕಡೆ ಬಯಲಿನ ಹಿಂಡುಗಳನ್ನೇ ಎತ್ತಿ ಸಾಗಿಸಬಹುದು ಎಂದಾದರೆ, ಇನ್ನೊಂದು ಕಡೆ ನೆರಳು, ನೀರು, ವೈದ್ಯರು ಎಲ್ಲ ಇದ್ದ ಆವರಣದಲ್ಲಿಯೇ ಅವು ಉಳಿಯಲಿಲ್ಲ.

ಧಾರವಾಡ, ಗದಗ, ಹಾವೇರಿ ಜಿಲ್ಲೆಯವರಿಗೆ ಇದು ದೂರದ ವಿಷಯವಲ್ಲ. ನವಲಗುಂದ, ನರಗುಂದ, ರೋಣ, ರಾಣೆಬೆನ್ನೂರು ಭಾಗದಲ್ಲಿ ಹೆಸರು, ಕಡಲೆ, ಗೋವಿನಜೋಳ ಮೊಳಕೆಯೊಡೆದರೆ ಚಿಗರಿ ಕಾಯುವ ಕೆಲಸವೂ ಶುರುವಾಗುತ್ತದೆ. ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಎಂದು ಹೆಸರಿಟ್ಟದ್ದು ಅದರ ವೇಗ ನೋಡಿ. ಹೊಲದವರಿಗೆ ಆ ವೇಗವೇ ತಲೆನೋವು. ಹಾಗಾಗಿ ‘ಅಲ್ಲಿ ಸಾಗಿಸಿದಂತೆ ಇಲ್ಲಿಯೂ ಹಿಡಿದು ದಾಂಡೇಲಿ ಕಾಡಿಗೆ ಬಿಡಬಾರದೇಕೆ?’ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಕಾನೂನಿನ ಪುಸ್ತಕಕ್ಕಿಂತ ಹೆಚ್ಚಾಗಿ ಚಿಗರಿಯ ಕಾಲು, ಕಣ್ಣು, ಸ್ನಾಯುಗಳಲ್ಲಿದೆ.

ಕಾಡಿನ ಜಿಂಕೆ ಬೇರೆ, ಬಯಲಿನ ಚಿಗರಿ ಬೇರೆ

ಕಾಡಿನಂಚಿನಲ್ಲಿ ಕಾಣುವ ಚುಕ್ಕಿ ಜಿಂಕೆಗೂ ಎರಿಹೊಲದ ಚಿಗರಿಗೂ ಸಂಬಂಧ ದೂರದ್ದು. ಜಿಂಕೆಯ ಕೊಂಬು ಕವಲೊಡೆದ ಮೂಳೆ. ಆಗಾಗ ಉದುರಿ ಹೊಸದು ಬರುತ್ತದೆ. ಚಿಗರಿಯ ಕೊಂಬು ಕವಲಿಲ್ಲದ, ತಿರುಚಿದ, ಮೂಳೆಯ ಮೇಲೆ ಕೊಂಬಿನ ಕವಚವಿರುವ ರಚನೆ, ಜೀವನಪರ್ಯಂತ ಉದುರುವುದಿಲ್ಲ. ಈ ಲಕ್ಷಣದಿಂದ ಅದು ಆಕಳು, ಆಡು, ಕುರಿಗಳ ಕುಟುಂಬಕ್ಕೆ ಸೇರುತ್ತದೆ. ಬೆಳೆದ ಗಂಡಿಗೆ ಸರಾಸರಿ 38 ಕಿಲೊ ತೂಕ, ಭುಜದ ಎತ್ತರ ಸುಮಾರು 80 ಸೆಂಟಿಮೀಟರ್. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಗಾತ್ರದಲ್ಲಿ ದೊಡ್ಡ ಆಡಿನಷ್ಟೇ ಇದ್ದರೂ ಗಂಟೆಗೆ 80 ಕಿಲೊಮೀಟರ್‌ವರೆಗೆ ಓಡಬಲ್ಲದು.

ದಕ್ಷಿಣ ಏಷ್ಯಾದಲ್ಲಿ ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದೆ ಹವೆ ಒಣಗುತ್ತ ಬಂದು ಕಾಡು ಹಿಂದೆ ಸರಿಯಿತು, ಹುಲ್ಲು ಹರಡಿತು. ಶಿವಾಲಿಕ ಬೆಟ್ಟಗಳ ಹಳೆಯ ಮಣ್ಣಿನ ಪದರಗಳಲ್ಲಿ ಇದರ ಗುರುತಿದೆ. ಕಾಡಿನಲ್ಲಿ ಬೇಟೆಯಾಡುವ ಪ್ರಾಣಿಯಿಂದ ತಪ್ಪಿಸಿಕೊಳ್ಳಲು ಅಡಗಿದರೆ ಸಾಕು. ಬಯಲಿನಲ್ಲಿ ಅಡಗಲು ಜಾಗವಿಲ್ಲ. ದೂರದಿಂದ ನೋಡಬೇಕು, ಮೊದಲೇ ಓಡಬೇಕು. ಅಂಥ ಬಯಲಿನಲ್ಲಿ ಕಾಲು ತುಸು ಉದ್ದವಿದ್ದದ್ದು, ಕಣ್ಣು ತುಸು ಪಕ್ಕಕ್ಕಿದ್ದದ್ದು ಹೆಚ್ಚು ಕಾಲ ಬದುಕಿ ಹೆಚ್ಚು ಮರಿ ಹಾಕಿತು. ಪೀಳಿಗೆಯಿಂದ ಪೀಳಿಗೆಗೆ ಹೀಗೆ ಆಯ್ಕೆ ನಡೆಯಿತು. ಚಿಗರಿ ‘ಓಡಬೇಕೆಂದು’ ಕಾಲು ಬೆಳೆಸಿಕೊಳ್ಳಲಿಲ್ಲ, ಓಡಲಾರದವು ಉಳಿಯಲಿಲ್ಲ. ಈಗ ಅದನ್ನು ಬೆನ್ನಟ್ಟಲು ತೋಳವಿದೆ, ನಾಯಿಗಳಿವೆ. ಹಿಂದೆ ಚೀತಾ ಇತ್ತು. ದೇಶದಲ್ಲಿ ಅದು ಅಳಿದುಹೋಗಿದೆ ಎಂದು ಘೋಷಿಸಿದ್ದು 1952ರಲ್ಲಿ. ತೋಳದಿಂದ ಪಾರಾಗಲು ಬೇಕಾದುದಕ್ಕಿಂತ ಚಿಗರಿಯ ವೇಗ ಹೆಚ್ಚಿರುವುದಕ್ಕೆ ಆ ಹಳೆಯ ವೈರಿಯೇ ಕಾರಣವಿರಬಹುದು.

ಕಾಲಿನ ಕಟ್ಟಡ

ಚಿಗರಿ ನಿಲ್ಲುವುದು ಎರಡು ಬೆರಳುಗಳ ತುದಿಯ ಮೇಲೆ. ಗೊರಸು ಎಂದರೆ ಆ ಬೆರಳುಗಳ ಉಗುರು. ಹಿಂಗಾಲಿನ ನಡುವೆ ಹಿಂದಕ್ಕೆ ಬಾಗಿದ್ದು ಕಾಣುವ ಕೀಲು ಮೊಣಕಾಲಲ್ಲ, ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ನಮ್ಮಲ್ಲಿ ಪಾದದೊಳಗಿರುವ ಮೂಳೆಗಳು ಅದರಲ್ಲಿ ಉದ್ದವಾಗಿ, ಎರಡು ಬೆಸೆದು ಒಂದೇ ನಳಿಕೆಯಂಥ ಮೂಳೆಯಾಗಿವೆ. ಕಾಲಿಗೆ ಹೀಗೆ ಇನ್ನೊಂದು ಮಜಲು ಸೇರಿದಂತಾಗಿ ಒಂದೊಂದು ಹೆಜ್ಜೆಯೂ ದೂರ ಬೀಳುತ್ತದೆ.

ಉದ್ದವಷ್ಟೇ ಸಾಲದು, ಆ ಉದ್ದದ ಕಾಲನ್ನು ಬೇಗ ಬೇಗ ಬೀಸಬೇಕು. ಕೊಡಲಿಯನ್ನು ಹಿಡಿಕೆಯ ತುದಿಯಲ್ಲಿ ಹಿಡಿದು ಬೀಸಿದರೆ ಕೈ ಸೋಲುತ್ತದೆ, ಅಲಗಿನ ಹತ್ತಿರ ಹಿಡಿದರೆ ಹಗುರಾಗುತ್ತದೆ. ಭಾರ ತುದಿಯಲ್ಲಿದ್ದಷ್ಟೂ ಬೀಸುವುದು ಕಷ್ಟ. ಚಿಗರಿಯ ದಪ್ಪ ಸ್ನಾಯುಗಳೆಲ್ಲ ತೊಡೆ, ಭುಜಗಳಲ್ಲಿವೆ. ಕೆಳಗೆ ಮೂಳೆ, ಚರ್ಮ, ಉದ್ದನೆಯ ಸ್ನಾಯುರಜ್ಜು ಮಾತ್ರ. ಗೊರಸು ನೆಲಕ್ಕೆ ತಾಗಿದಾಗ ಈ ರಜ್ಜು ಹಿಗ್ಗಿ, ಕಾಲೆತ್ತುವಾಗ ಕುಗ್ಗಿ, ಇಳಿತದ ಶಕ್ತಿಯಲ್ಲಿ ಒಂದಿಷ್ಟನ್ನು ಮರಳಿ ಕೊಡುತ್ತದೆ. ಕೊರಳೆಲುಬು ಇಲ್ಲದ್ದರಿಂದ ಮುಂಗಾಲಿನ ಹೆಗಲೆಲುಬು ಬರೀ ಸ್ನಾಯುಗಳ ಆಸರೆಯಲ್ಲಿ ಮುಂದಕ್ಕೂ ಹಿಂದಕ್ಕೂ ಜಾರುತ್ತದೆ. ಹೆಜ್ಜೆ ಇನ್ನಷ್ಟು ಉದ್ದವಾಗುತ್ತದೆ, ನೆಲದ ಪೆಟ್ಟು ನೇರ ಬೆನ್ನಿಗೆ ಹೋಗುವುದಿಲ್ಲ.

ಹಿಮ್ಮಡಿಯ ಮೂಳೆಯೊಂದರ ವಿಚಾರ ಹೇಳಲೇಬೇಕು. ಮೇಲೆ ಒಂದು, ಕೆಳಗೆ ಒಂದು, ಹೀಗೆ ಎರಡು ಗಾಲಿಯ ಆಕಾರವಿರುವ ಈ ಪುಟ್ಟ ಮೂಳೆ ಕಾಲನ್ನು ಹಿಂದೆ ಮುಂದೆ ಮಾತ್ರ ಆಡಲು ಬಿಡುತ್ತದೆ, ಪಕ್ಕಕ್ಕೆ ತಿರುಚಲು ಬಿಡುವುದಿಲ್ಲ. ಸೀಳುಗೊರಸಿನ ಪ್ರಾಣಿಗಳಿಗೆಲ್ಲ ಇದೇ ಗುರುತು. ಪಾಕಿಸ್ತಾನದಲ್ಲಿ ಸಿಕ್ಕ ಆದಿಕಾಲದ ತಿಮಿಂಗಿಲಗಳ ಪಳೆಯುಳಿಕೆಯಲ್ಲಿ ಇದೇ ಮೂಳೆ ಇರುವುದು 2001ರಲ್ಲಿ ಪ್ರಕಟವಾದಾಗ, ತಿಮಿಂಗಿಲವೂ ಸೀಳುಗೊರಸಿನ ವಂಶದ್ದೇ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ದೊರೆಯಿತು. ನೀರಿಗಿಳಿದ ಶಾಖೆ ಹಿಂಗಾಲನ್ನೇ ಕಳೆದುಕೊಂಡಿತು, ಬಯಲಿಗೆ ಬಂದ ಶಾಖೆ ಕಾಲನ್ನೇ ಬಂಡವಾಳ ಮಾಡಿಕೊಂಡಿತು.

ಈ ಲಾಭಕ್ಕೆ ಬೆಲೆಯೂ ಇದೆ. ನೇರ ಓಟಕ್ಕೆ ಬಿಗಿಯಾದ ಕೀಲು ಏರುಪೇರು ನೆಲದಲ್ಲಿ, ಗುಂಡಿಯಲ್ಲಿ, ಬಲೆಯಲ್ಲಿ ಸಿಕ್ಕಾಗ ಬಾಗುವುದಿಲ್ಲ. ತೆಳ್ಳಗಿನ ಮೂಳೆ ಮುರಿಯುತ್ತದೆ. ಮುರಿದ ಕಾಲಿನ ಚಿಗರಿ ಚೇತರಿಸಿಕೊಳ್ಳುವುದು ಅಪರೂಪ. ಸಿಮೆಂಟ್ ಹಾಕಿದ ಕಡಿದಾದ ಕಾಲುವೆಗೆ ಬಿದ್ದರೆ ಚೂಪು ಗೊರಸು ಜಾರುತ್ತದೆ, ಮೇಲೆ ಹತ್ತಲಾಗದೆ ದಣಿದು ಸಾಯುತ್ತದೆ. ಮಲಪ್ರಭಾ, ತುಂಗಾ ಮೇಲ್ದಂಡೆ ಕಾಲುವೆಗಳಲ್ಲಿ ಅಲ್ಲಲ್ಲಿ ಒರಟು ಮೇಲ್ಮೈಯ ಇಳಿಜಾರು ಮಾಡಿದರೆ ಇದು ತಪ್ಪುತ್ತದೆ. ದೊಡ್ಡ ಖರ್ಚಿನ ಕೆಲಸವೇನಲ್ಲ.

ಕಣ್ಣು ಮತ್ತು ಬಾಯಿ

ಆಡು, ಕುರಿಗಳ ಕಣ್ಣಿನ ಪಾಪೆ ಅಡ್ಡಡ್ಡ ಇರುವುದನ್ನು ಎಲ್ಲರೂ ನೋಡಿರುತ್ತಾರೆ. ಬಯಲಿನ ಮೇವು ಪ್ರಾಣಿಗಳಿಗೆ ಇದು ನೆಲದ ಉದ್ದಕ್ಕೂ, ಎಡಬಲ ಎರಡೂ ಕಡೆಯ ಅಗಲ ನೋಟ ಕೊಡುತ್ತದೆ, ಮೇಲಿನ ಬಿಸಿಲಿನ ಝಳ ತಗ್ಗಿಸುತ್ತದೆ. ಮೇಯಲು ತಲೆ ಬಗ್ಗಿಸಿದಾಗ ಕಣ್ಣುಗುಡ್ಡೆಯೇ ತಿರುಗಿ ಪಾಪೆಯನ್ನು ನೆಲಕ್ಕೆ ಸಮಾಂತರವಾಗಿ ಇಡುತ್ತದೆ ಎಂದು 2015ರ ಅಧ್ಯಯನವೊಂದು ತೋರಿಸಿತು. ಅಂದರೆ ಮೇಯುವಾಗಲೂ ಕಾವಲು ನಿಲ್ಲುವುದಿಲ್ಲ.

ಇಂಥ ಕಣ್ಣಿಗೆ ಎದುರು ಏನೂ ಅಡ್ಡ ಇರಬಾರದು. ಆಳೆತ್ತರ ಬೆಳೆದ ಗೋವಿನಜೋಳದೊಳಗೆ, ದಟ್ಟ ಗಿಡಗಂಟಿಯಲ್ಲಿ, ಕಾಡಿನಲ್ಲಿ ಚಿಗರಿಗೆ ತೋಳ ಕಾಣುವುದೂ ಇಲ್ಲ, ವೇಗ ಹಿಡಿಯಲು ಜಾಗವೂ ಇಲ್ಲ. ಆದ್ದರಿಂದಲೇ ಗೋವಿನಜೋಳಕ್ಕೆ ಅದರ ಹಾನಿ ಸಾಮಾನ್ಯವಾಗಿ ಸಸಿಯ ಹಂತದಲ್ಲಿ. ಕಡಲೆ, ಹೆಸರಿನಂಥ ಗಿಡ್ಡ ಬೆಳೆಗೆ ಮಾತ್ರ ಕೊನೆಯವರೆಗೂ.

ಹೊಲದ ಸುತ್ತ ಹಳೆಯ ಸೀರೆ ಕಟ್ಟುವ ರೂಢಿಯನ್ನು ಇದರ ಜೊತೆ ನೋಡಬಹುದು. ಗಾಳಿಗೆ ಅಲುಗುವುದು ಮೊದಲ ಕೆಲವು ದಿನ ಹೆದರಿಸುತ್ತದೆ, ಆಮೇಲೆ ಅಪಾಯವಿಲ್ಲವೆಂದು ತಿಳಿದು ಚಿಗರಿ ಅದರ ಕೆಳಗೇ ನುಸುಳುತ್ತದೆ. ಗೊರಸಿನ ಪ್ರಾಣಿಗಳಿಗೆ ಕೆಂಪು ಬಣ್ಣ ನಮಗೆ ಕಾಣುವಂತೆ ಎದ್ದು ಕಾಣುವುದಿಲ್ಲ. ಬಿಳಿ, ನೀಲಿ ಚೆನ್ನಾಗಿ ಕಾಣುತ್ತವೆ. ಕೆಂಪು ಸೀರೆಗಿಂತ ಬಿಳಿ ಪಂಚೆ ಮೇಲು, ಅದೂ ಜಾಗ ಬದಲಿಸುತ್ತ ಇದ್ದರೆ.

ಮೇಲ್ದವಡೆಯ ಮುಂಭಾಗದಲ್ಲಿ ಚಿಗರಿಗೆ ಹಲ್ಲಿಲ್ಲ, ಗಟ್ಟಿ ದಿಂಡು ಇದೆ. ಕೆಳಹಲ್ಲನ್ನು ಅದಕ್ಕೆ ಒತ್ತಿ ಸೊಪ್ಪನ್ನು ಹರಿದು ತಿನ್ನುತ್ತದೆ. ಪರಿಹಾರ ಕೇಳುವವರಿಗೆ ಇದು ಉಪಯೋಗಕ್ಕೆ ಬರುವ ಮಾಹಿತಿ: ಚಿಗರಿ ಕಡಿದ ಕುಡಿಯ ತುದಿ ಹರಿದು ಜುಂಗುಜುಂಗಾಗಿರುತ್ತದೆ, ಮೊಲ ಕಡಿದದ್ದು ಓರೆಯಾಗಿ, ಚಾಕುವಿನಲ್ಲಿ ಕೊಯ್ದಷ್ಟು ನುಣುಪು, ಕಾಡುಹಂದಿ ಬುಡಸಮೇತ ಕೀಳುತ್ತದೆ. ಚೂಪಾದ ಜೋಡಿ ಗೊರಸಿನ ಗುರುತು, ಬಯಲಲ್ಲಿ ಒಂದೇ ಕಡೆ ಗುಡ್ಡೆಯಾಗಿ ಬಿದ್ದ ಹಿಕ್ಕೆ ಇದ್ದರೆ ಅಲ್ಲಿ ಗಂಡು ಚಿಗರಿ ನೆಲೆಯೂರಿದೆ ಎಂದೇ ಅರ್ಥ. ಪರಿಹಾರದ ಅರ್ಜಿಗೆ ಇವುಗಳ ಫೋಟೊ ಅದೇ ದಿನ ತೆಗೆದಿರಬೇಕು. ಎರಡು ದಿನ ಬಿಟ್ಟರೆ ಕುಡಿಯ ತುದಿ ಒಣಗಿ ಯಾವುದು ಯಾರು ಕಡಿದದ್ದೆಂದು ಹೇಳಲಾಗುವುದಿಲ್ಲ.

ಹುಲ್ಲುಗಾವಲು ಹೋಗಿ ಹೊಲ ಬಂತು

ಚಿಗರಿ ಹೊಲಕ್ಕೆ ‘ನುಗ್ಗಿತು’ ಎನ್ನುವುದು ಅರ್ಧ ಸತ್ಯ. ಅದರ ಮೈಕಟ್ಟಿಗೆ ಒಗ್ಗುವ ನೆಲ ಮರವಿಲ್ಲದ, ಗಿಡ್ಡ ಹಸಿರಿನ, ಗಟ್ಟಿ ಬಯಲು. ಹಿಂದೆ ಅದು ಗಾಯರಾಣ, ಬೀಳು, ಗೋಮಾಳಗಳ ಹುಲ್ಲು. ಸರ್ಕಾರದ ದಾಖಲೆಗಳಲ್ಲಿ ಇಂಥ ಜಾಗವೆಲ್ಲ ‘ಬಂಜರು’ ಎಂದಾಯಿತು. ಬಂಜರಾದ ಮೇಲೆ ಅಲ್ಲಿ ನೆಡುತೋಪು, ಕೈಗಾರಿಕೆ, ನಿವೇಶನ ಏನು ಬಂದರೂ ಕೇಳುವವರಿಲ್ಲ. ಇತ್ತ ಕಾಲುವೆ ನೀರು, ಹಿಂಗಾರಿ ಬೆಳೆಗಳಿಂದ ವರ್ಷದ ಹೆಚ್ಚಿನ ಭಾಗ ಹಸಿರಿರುವ ಗಿಡ್ಡ ಬಯಲು ಎಂದರೆ ಹೊಲವೇ. ಚಿಗರಿಯ ಕಣ್ಣಿಗೆ ಅಕ್ಟೋಬರ್‌ನ ಕಡಲೆ ಹೊಲ ಅತ್ಯುತ್ತಮ ಹುಲ್ಲುಗಾವಲು, ಅದೂ ಒಣಹುಲ್ಲಿಗಿಂತ ಹೆಚ್ಚು ಪೌಷ್ಟಿಕ.

ರಾಣೆಬೆನ್ನೂರಿನ ಉದಾಹರಣೆ ಇನ್ನೂ ಸ್ಪಷ್ಟ. 1974ರಲ್ಲಿ 119 ಚದರ ಕಿಲೊಮೀಟರ್ ಜಾಗವನ್ನು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಒಂದು ಕಾಲಕ್ಕೆ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಅಲ್ಲಿತ್ತು. ಆದರೆ ಅದರ ದೊಡ್ಡ ಭಾಗ ನೀಲಗಿರಿ ನೆಡುತೋಪು. ನೀಲಗಿರಿಯ ಕೆಳಗೆ ಹುಲ್ಲು ಸರಿಯಾಗಿ ಬೆಳೆಯುವುದಿಲ್ಲ. ಸಾಲುಮರಗಳ ನಡುವೆ ಓಡುವ ಪ್ರಾಣಿಗೆ ದೂರ ಕಾಣುವುದೂ ಇಲ್ಲ. ಓಡುವ ಪ್ರಾಣಿಗೆ ಅಭಯ ಕೊಟ್ಟು ಓಡುವ ಜಾಗದಲ್ಲಿ ಮರ ನೆಟ್ಟದ್ದು ಎಂಥ ಯೋಜನೆ! ಹಗಲು ತೋಪಿನಂಚಿನಲ್ಲಿ, ಸಂಜೆಯಿಂದ ಪಕ್ಕದ ಹೊಲದಲ್ಲಿ ಹಿಂಡು ಕಂಡರೆ ಅಚ್ಚರಿಯೇನಿಲ್ಲ.

ಯಾರ ವಾದ ಏನು

ರೈತರ ಮಾತು ನೇರವಾಗಿದೆ: ಪ್ರಾಣಿ ಸರ್ಕಾರದ್ದಾದರೆ ಅದರ ಮೇವಿನ ಖರ್ಚು ನಮ್ಮ ಮೇಲೇಕೆ? ಪರಿಹಾರಕ್ಕೆ ಅರ್ಜಿ ಹಾಕಲು ಪಹಣಿ ಬೇಕು, ಲಾವಣಿ (ಗೇಣಿ) ಹಾಕಿಕೊಂಡು ಉಳುವವರ ಹೆಸರು ಪಹಣಿಯಲ್ಲಿರುವುದಿಲ್ಲ. ಆನೆ ತುಳಿದ ಬೆಳೆಯಂತೆ ಚಿಗರಿಯ ಹಾನಿ ಒಂದೇ ನೋಟಕ್ಕೆ ಕಾಣುವುದಿಲ್ಲ. ಸಾಲು ಸಾಲಾಗಿ ಕುಡಿ ಹೋಗಿರುತ್ತದೆ, ಗಿಡ ನಿಂತೇ ಇರುತ್ತದೆ. ಇಲ್ಲಿ ಅಂದಾಜು ಮಾಡುವವರು ಬೆಳೆಯ ವಯಸ್ಸು ಕೇಳಲೇಬೇಕು. ಕಡಲೆಗೆ 30–35 ದಿನವಾದಾಗ ಹೆಚ್ಚು ಟಿಸಿಲೊಡೆಯಲೆಂದು ರೈತರೇ ಕುಡಿ ಚಿವುಟುತ್ತಾರೆ. ಆ ಹಂತದಲ್ಲಿ ಹಗುರಾಗಿ ಮೇಯ್ದರೆ ಗಿಡ ಒಂದಿಷ್ಟು ಸುಧಾರಿಸಿಕೊಳ್ಳುತ್ತದೆ. ಮೊಳಕೆ ಹೋದರೆ ಮರುಬಿತ್ತನೆ, ಹೂವು-ಕಾಯಿ ಹೋದರೆ ಪೂರಾ ನಷ್ಟ. ಮೂರಕ್ಕೂ ಒಂದೇ ಲೆಕ್ಕ ಹಾಕುವುದು ಯಾರಿಗೂ ನ್ಯಾಯವಲ್ಲ.

ಅರಣ್ಯ ಇಲಾಖೆಯ ಕೈ ಕಟ್ಟಿರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕೃಷ್ಣಮೃಗ ಅದರ 1ನೇ ಅನುಸೂಚಿಯಲ್ಲಿದೆ. ಆ ಪಟ್ಟಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯವಾದರೆ, ಅಥವಾ ಗುಣವಾಗದಷ್ಟು ಗಾಯ, ರೋಗ ಇದ್ದರೆ ಮಾತ್ರ ಕೊಲ್ಲಲು ಅನುಮತಿ ಕೊಡಬಹುದು. ಬೆಳೆ ಹಾನಿ ಕಾರಣವಾಗುವುದಿಲ್ಲ. ಸ್ಥಳಾಂತರಕ್ಕೆ ಅವಕಾಶವಿದೆ, ಕೇಂದ್ರದ ಪೂರ್ವಾನುಮತಿ ಬೇಕು. ವನ್ಯಜೀವಿ ತಜ್ಞರು ಹುಲ್ಲುಗಾವಲು ಮರಳಿಸಿ ಎನ್ನುತ್ತಾರೆ. ಅದು ಸರಿಯೇ, ಆದರೆ ಈ ಹಿಂಗಾರಿಗೆ ಹುಲ್ಲು ಎದ್ದು ನಿಲ್ಲುವುದಿಲ್ಲ ಎಂಬುದನ್ನು ಅವರು ಗಟ್ಟಿಯಾಗಿ ಹೇಳುವುದು ಕಡಿಮೆ.

ಹಿಡಿಯುವುದರಲ್ಲಿರುವ ಅಪಾಯ

ಅಷ್ಟು ವೇಗ ಓಡುವ ಸ್ನಾಯು ಅಲ್ಪಕಾಲದ ಓಟಕ್ಕೆ ಹೊಂದಿಕೊಂಡಿದೆ. ತೋಳದ ಬೆನ್ನಟ್ಟುವಿಕೆ ಕೆಲವು ನಿಮಿಷದ್ದು. ಪಾರಾಯಿತು ಅಥವಾ ಸತ್ತಿತು. ಬಲೆ ಹಾಕಿ, ಜನ ಕೂಗಿ, ಜೀಪು ಅಟ್ಟಿದಾಗ ಆ ಸ್ಥಿತಿ ಅರ್ಧ ಗಂಟೆ, ಒಂದು ಗಂಟೆ ಎಳೆಯುತ್ತದೆ. ಆಮ್ಲಜನಕ ಸಾಲದೆ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಮೈ ಕಾಯುತ್ತದೆ, ಸ್ನಾಯುವಿನ ಎಳೆಗಳು ಒಡೆದು ಅವುಗಳ ಕೆಂಪು ದ್ರವ್ಯ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಲಾರಿ ಹತ್ತುವಾಗ ನೆಟ್ಟಗೆ ನಿಂತಿದ್ದ ಪ್ರಾಣಿ ಕೆಲವು ಗಂಟೆಗಳ ಬಳಿಕವೋ, ಕೆಲವು ದಿನಗಳ ಬಳಿಕವೋ ಕುಸಿಯುತ್ತದೆ. ‘ಸುರಕ್ಷಿತವಾಗಿ ಬಿಡಲಾಯಿತು’ ಎಂಬ ಫೋಟೊ ಇದನ್ನು ಹೇಳುವುದಿಲ್ಲ. ಬಿಟ್ಟ ಮೇಲೆ ಒಂದು ತಿಂಗಳು ಗಮನಿಸಿದ ವರದಿ ಬೇಕು.

ಓಡುವಾಗ ಮಿದುಳನ್ನು ತಂಪಾಗಿಡುವ ಏರ್ಪಾಡು ಈ ಕುಟುಂಬದಲ್ಲಿದೆ. ಮಿದುಳಿಗೆ ಹೋಗುವ ರಕ್ತ ತಲೆಬುರುಡೆಯ ಬುಡದಲ್ಲಿ ಸಣ್ಣ ನಾಳಗಳ ಜಾಲವಾಗಿ ಒಡೆದು, ಮೂಗಿನಿಂದ ತಂಪಾಗಿ ಬರುವ ರಕ್ತದ ಪಕ್ಕ ಹಾಯುತ್ತದೆ. ಓಡುತ್ತಿದ್ದ ಆಫ್ರಿಕಾದ ಗಜೆಲ್‌ಗಳಲ್ಲಿ 1970ರ ದಶಕದಲ್ಲಿ ಅಳೆದಾಗ ಮಿದುಳು ದೇಹದ ರಕ್ತಕ್ಕಿಂತ 2.7 ಡಿಗ್ರಿ ತಂಪಾಗಿತ್ತು. ಆದರೆ ಇದು ಮಿದುಳನ್ನು ಕಾಯುತ್ತದೆ, ಸ್ನಾಯುವನ್ನಲ್ಲ.

ಶಾಜಾಪುರದಲ್ಲಿ ಬಳಸಿದ್ದು ಆಫ್ರಿಕಾದಲ್ಲಿ ಬೆಳೆದ ಬೋಮಾ ವಿಧಾನ. ದೂರದಲ್ಲಿ ಅಗಲವಾಗಿ ಶುರುವಾಗಿ ಕಿರಿದಾಗುತ್ತ ಬರುವ ಎರಡು ಪರದೆ ಗೋಡೆ. ಕೊನೆಯಲ್ಲಿ ಆವರಣ, ಅದಕ್ಕೆ ತಾಗಿ ಲಾರಿಗೆ ಹತ್ತುವ ಇಳಿಜಾರು. ಗೋಡೆ ಬಲೆಯಾಗಿರಬಾರದು, ಕಣ್ಣು ಹಾಯದ ಬಟ್ಟೆಯೋ ಹುಲ್ಲಿನ ತಟ್ಟಿಯೋ ಆಗಿರಬೇಕು. ಬಲೆಯ ಆಚೆ ಬಯಲು ಕಂಡರೆ ಚಿಗರಿ ಅದಕ್ಕೇ ಹಾರಿ ಕೊರಳು ಮುರಿದುಕೊಳ್ಳುತ್ತದೆ; ಕಾಣದಿದ್ದರೆ ಅದನ್ನು ಗೋಡೆಯೆಂದೇ ನಂಬುತ್ತದೆ. ಕೆಲಸ ತಂಪು ಹೊತ್ತಿನಲ್ಲಿ, ಅಟ್ಟುವುದು ನಿಧಾನವಾಗಿ, ಕೊನೆಯ ಸ್ವಲ್ಪ ದೂರ ಮಾತ್ರ ಜೋರಾಗಿ. ಲಾರಿಯೊಳಗೆ ಕತ್ತಲೆ ಇರಬೇಕು, ದೊಡ್ಡ ಗಂಡುಗಳನ್ನು ಬೇರ್ಪಡಿಸಬೇಕು, ಕೊಂಬಿಗೆ ಪೈಪಿನ ತುಂಡು ತೊಡಿಸಬೇಕು. ಅರಿವಳಿಕೆ ಕೊಟ್ಟರೆ ಮಗ್ಗುಲಾಗಿ ಮಲಗಿಸುವಂತಿಲ್ಲ. ಎದೆಯ ಮೇಲೆ ಕೂರಿಸಿ ತಲೆ ಎತ್ತಿ ಹಿಡಿಯದಿದ್ದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಉಬ್ಬರಿಸಿ, ಒಳಗಿನದು ಶ್ವಾಸನಾಳಕ್ಕೆ ಹೋಗುತ್ತದೆ.

ಬೋಮಾ ಹಾಕಲು ವಿಸ್ತಾರವಾದ ಖಾಲಿ ಬಯಲು ಬೇಕು. ಅದಕ್ಕಿಂತ ಮುಖ್ಯವಾಗಿ, ಬಿಡಲು ಬಯಲು ಬೇಕು. ಮಧ್ಯಪ್ರದೇಶದಲ್ಲಿ ಅಂಥ ಜಾಗವಿದೆ: ಕುನೊ ರಾಷ್ಟ್ರೀಯ ಉದ್ಯಾನದಲ್ಲಿ ಹಳ್ಳಿಗಳನ್ನು ಸ್ಥಳಾಂತರಿಸಿದ ಮೇಲೆ ಅಲ್ಲಿನ ಹೊಲಗಳು ಹುಲ್ಲುಗಾವಲಾಗಿವೆ. ದಾಂಡೇಲಿಯ ಕಾಡು ಹಾಗಲ್ಲ. ದಟ್ಟ ಮರಗಳ ನಡುವೆ ಅದರ ಕಣ್ಣಿಗೂ ಕಾಲಿಗೂ ಕೆಲಸವಿಲ್ಲ. ಮೆತ್ತನೆಯ ಹಸಿ ನೆಲದಲ್ಲಿ ಗೊರಸು ಸವೆಯದೆ ಬೆಳೆದು, ಸಂದಿನಲ್ಲಿ ಕೊಳೆಯುತ್ತದೆ. ಚಿರತೆ, ಹುಲಿಯಂಥ ಹೊಂಚು ಹಾಕುವ ಬೇಟೆಗಾರರ ಎದುರು ಅದಕ್ಕೆ ಗೊತ್ತಿರುವ ಉಪಾಯವೇ ಇಲ್ಲ. ಅಲ್ಲಿ ಬಿಡುವುದನ್ನು ಸ್ಥಳಾಂತರ ಎನ್ನಲಾಗದು.

‘ಜಿಂಕೆ ವನ’ ಮಾಡಿ ಕೂಡಿಹಾಕಿ ಎನ್ನುವವರು ಬೆಳಗಾವಿಯ ಸಾವುಗಳನ್ನು ನೋಡಬೇಕು. ಗಳಲೆ ರೋಗ ದನ, ಎಮ್ಮೆಗಳಿಗೂ ಬರುವ ಬ್ಯಾಕ್ಟೀರಿಯಾ ರೋಗ. ಒತ್ತಡ, ಹವೆಯ ಏರುಪೇರು, ಒಂದೇ ಕಡೆ ಗುಂಪು ಸೇರಿದಾಗ ಅದು ಗಂಟೆಗಳ ಲೆಕ್ಕದಲ್ಲಿ ಕೊಲ್ಲುತ್ತದೆ. ದಿನಕ್ಕೆ ಮೈಲಿಗಟ್ಟಲೆ ಚದುರಿ ಮೇಯುವ ಪ್ರಾಣಿಯನ್ನು ಸಣ್ಣ ಆವರಣದಲ್ಲಿ ಒತ್ತಿಟ್ಟಾಗ ರೋಗಕ್ಕೆ ಹಾದಿ ಸುಗಮ.

ಬೇಲಿ ಹಾಕುವುದಾದರೆ

ಚಿಗರಿ ಎತ್ತರ ಜಿಗಿಯುತ್ತದೆ ಎಂದು ಜನ ಏಳಡಿ ಬೇಲಿ ಹಾಕಿ, ಕೆಳಗೆ ಎರಡಡಿ ಸಂದು ಬಿಡುತ್ತಾರೆ. ಜಿಗಿಯುವ ಶಕ್ತಿ ಅದಕ್ಕಿದೆ ನಿಜ, ಆದರೆ ಬಯಲಿನ ಪ್ರಾಣಿಗೆ ಅಡ್ಡಿಯನ್ನು ಮೇಲಿಂದ ದಾಟುವ ರೂಢಿ ಕಡಿಮೆ. 1930ರ ದಶಕದಲ್ಲಿ ಕೃಷ್ಣಮೃಗಗಳನ್ನು ಒಯ್ದು ಬಿಟ್ಟ ಅಮೆರಿಕದ ಟೆಕ್ಸಾಸ್‌ನ ಅನುಭವವೂ ಇದೇ: ಬೇಲಿಯ ಮೇಲೆ ಹಾರುವುದಕ್ಕಿಂತ ಕೆಳಗೆ, ನಡುವೆ ನುಸುಳುವುದೇ ಹೆಚ್ಚು. ಆದ್ದರಿಂದ ಕೆಳಗಿನ ತಂತಿ ನೆಲದಿಂದ 8–10 ಇಂಚಿಗಿಂತ ಮೇಲಿರಬಾರದು, ಅದರ ಮೇಲಿನವು ಅಡಿಗೊಂದರಂತೆ ಬರಬೇಕು. ನಾಲ್ಕೈದು ಅಡಿ ಎತ್ತರ ಹೆಚ್ಚಿನ ಕಡೆ ಸಾಕು.

ಝಟಕಾ ಮಷಿನ್‌ನ ಸೋಲಾರ್ ಬೇಲಿ ಸೋಲುವುದೂ ಪ್ರಾಣಿಯ ಮೈಯಿಂದಲೇ. ಒಣ ಗೊರಸು, ದಟ್ಟ ಕೂದಲು ವಿದ್ಯುತ್ತಿಗೆ ಅಡ್ಡಿ. ಬೆನ್ನು ತಾಗಿದರೆ ಪೆಟ್ಟು ಗೊತ್ತಾಗುವುದಿಲ್ಲ. ಒದ್ದೆ ಮೂಗು ತಾಗಬೇಕು. ತಲೆ ತಗ್ಗಿಸಿ ಬರುವ ಚಿಗರಿಯ ಮೂಗಿನ ಎತ್ತರ ಒಂದೂವರೆಯಿಂದ ಎರಡೂವರೆ ಅಡಿ. ಅಲ್ಲಿ ಕನಿಷ್ಠ ಒಂದು ಗಟ್ಟಿ ಕರೆಂಟಿನ ತಂತಿ ಇರಲೇಬೇಕು. ಎರಡನೆಯ ತೊಡಕು ನೆಲದ್ದು. ಬೇಸಿಗೆಯಲ್ಲಿ ಎರಿಮಣ್ಣು ಬಿರುಕು ಬಿಟ್ಟು ಅರ್ಥಿಂಗ್ ಸಲಾಕೆಯಿಂದ ದೂರ ಸರಿಯುತ್ತದೆ, ಕರೆಂಟು ಮರಳುವ ದಾರಿ ಕಡಿದುಹೋಗುತ್ತದೆ. ಆರಡಿ ಆಳಕ್ಕೆ, ಹತ್ತಡಿ ಅಂತರದಲ್ಲಿ ಮೂರು ಸಲಾಕೆ ಹೊಡೆದು ಬುಡಕ್ಕೆ ನೀರು ಹಾಕುತ್ತಿರಬೇಕು. ಅದೂ ಸಾಲದಿದ್ದರೆ ಒಂದು ಬಿಟ್ಟು ಒಂದು ತಂತಿಯನ್ನು ಅರ್ಥಿಂಗ್‌ಗೆ ಜೋಡಿಸಬೇಕು. ಕಳೆ ತಾಗಿದರೆ ಕರೆಂಟು ಅಲ್ಲೇ ಸೋರುತ್ತದೆ. ಬೇಲಿಯ ಕೊನೆಯಲ್ಲಿ ಅಳತೆ 4,000 ವೋಲ್ಟ್‌ಗಿಂತ ಕೆಳಗಿಳಿದರೆ ಬೇಲಿ ಇದ್ದೂ ಇಲ್ಲದಂತೆ.

ಝಟಕಾ ಮಷಿನ್ ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಪೆಟ್ಟು ಕೊಡುವಂಥದ್ದು, ಕೊಲ್ಲುವುದಿಲ್ಲ. ಕಂಬದಿಂದ ನೇರ 230 ವೋಲ್ಟ್ ಎಳೆದು ಬೇಲಿಗೆ ಬಿಡುವುದು ಬೇರೆಯೇ ವಿಷಯ: ಅದು ಚಿಗರಿಯನ್ನೂ, ರಾತ್ರಿ ನೀರು ಹಾಯಿಸಲು ಬಂದ ಮನುಷ್ಯನನ್ನೂ ಕೊಲ್ಲುತ್ತದೆ, ಕಾನೂನಿನ ಕಣ್ಣಿಗೆ ಅಪರಾಧ.

ಬದುವಿಗೆ ಕುಸುಬೆ ಸಾಲು ಹಾಕುವ ಹಳೆಯ ಪದ್ಧತಿ ದನಕ್ಕೆ ನಡೆಯುತ್ತದೆ, ಚಿಗರಿಗೂ ಒಂದು ಮಟ್ಟಿಗೆ ನಡೆಯುತ್ತದೆ. ಆದರೆ ಕುಸುಬೆಯ ಮುಳ್ಳು ಗಟ್ಟಿಯಾಗುವುದು ಗಿಡ ಬಲಿತ ಮೇಲೆ. ಎಳೆಯ ಕುಸುಬೆಯನ್ನು ಚಿಗರಿ ಕಡಲೆಗಿಂತ ಮೊದಲೇ ಮುಗಿಸುತ್ತದೆ.

ಮುಂದೇನಾಗಬಹುದು

ಒಬ್ಬರ ಹೊಲಕ್ಕೆ ಬೇಲಿಯಾದರೆ ಹಿಂಡು ಪಕ್ಕದ ಹೊಲಕ್ಕೆ ಹೋಗುತ್ತದೆ. ಹಾನಿ ಕಡಿಮೆಯಾಗದೆ ಬೇಲಿ ಹಾಕಲಾಗದವರ ಮೇಲೆ ಬೀಳುತ್ತದೆ. ಊರೆಲ್ಲ ಬೇಲಿಯಾದರೆ ಹಿಂಡುಗಳು ರಸ್ತೆಗೆ ಬರುತ್ತವೆ. ಹುಬ್ಬಳ್ಳಿ–ಹಾವೇರಿ ಹೆದ್ದಾರಿಯಲ್ಲಿ ವೇಗ ಎರಡೂ ಕಡೆಯದ್ದು. ಸಾಗಿಸಿದರೂ ಒಂದಿಷ್ಟು ಉಳಿದೇ ಉಳಿಯುತ್ತವೆ. ಗರ್ಭಕಾಲ ಸುಮಾರು ಆರು ತಿಂಗಳು, ಮರಿ ಹಾಕಿದ ತಿಂಗಳಲ್ಲೇ ಮತ್ತೆ ಗಬ್ಬವಾಗಬಲ್ಲದು. ಮೇವು ಅಷ್ಟೇ ಇದ್ದರೆ ಕೆಲವು ವರ್ಷಗಳಲ್ಲಿ ಖಾಲಿ ಜಾಗ ತುಂಬುತ್ತದೆ. ಶಾಜಾಪುರದ ಫಲಿತಾಂಶ ತಿಳಿಯುವುದು ಸಾಗಿಸಿದ ವರ್ಷವಲ್ಲ, ಅದರ ಮೂರ್ನಾಲ್ಕು ವರ್ಷದ ನಂತರ.

ಮೂರು ಜಿಲ್ಲೆಗೂ ಒಂದೇ ಉತ್ತರ ಹೊಂದುವುದಿಲ್ಲ. ರಾಣೆಬೆನ್ನೂರಿನಲ್ಲಿ ಸರ್ಕಾರದ ಕೈಯಲ್ಲಿ ನೆಲವಿದೆ: ನೀಲಗಿರಿಯನ್ನು ಹಂತಹಂತವಾಗಿ ತೆಗೆದು, ಕೂಳೆ ಚಿಗುರದಂತೆ ಬುಡ ಕಿತ್ತು, ಸ್ಥಳೀಯ ಹುಲ್ಲಿನ ಬೀಜ ಚೆಲ್ಲಿ, ಎರಡು ಮಳೆಗಾಲ ದನ ಬಿಡದೆ ಕಾದರೆ ಹಿಂಡಿಗೆ ಹೊಲಕ್ಕಿಂತ ಹತ್ತಿರದ ಮೇವು ಸಿಗುತ್ತದೆ. ಈ ಕೆಲಸಕ್ಕೆ ಹೆಲಿಕಾಪ್ಟರ್ ಬೇಕಿಲ್ಲ. ನವಲಗುಂದ, ನರಗುಂದದ ಎರಿ ಬಯಲಿನಲ್ಲಿ ಅಷ್ಟು ಸರ್ಕಾರಿ ನೆಲ ಒಟ್ಟಿಗೆ ಸಿಗದು. ಅಲ್ಲಿ ಉಳಿದಿರುವುದು ಹತ್ತಾರು ರೈತರು ಸೇರಿ ಹಾಕುವ ಸಾಮೂಹಿಕ ಸೋಲಾರ್ ಬೇಲಿಗೆ ಸಹಾಯಧನ, ಲಾವಣಿದಾರರಿಗೂ ಸಿಗುವಂತೆ ಬೆಳೆಯ ಹಂತ ನೋಡಿ ಕೊಡುವ ಪರಿಹಾರ. ಎರಡೂ ಸೆಪ್ಟೆಂಬರ್ ಒಳಗೆ ತೀರ್ಮಾನವಾಗಬೇಕು. ಕಡಲೆ ಮೊಳೆತ ಮೇಲೆ ಬರುವ ಆದೇಶದಿಂದ ಆ ವರ್ಷದ ಬೆಳೆಗೆ ಪ್ರಯೋಜನವಿಲ್ಲ.